ತಪ್ಪು ಗುರುತು: ಐಟಿಪಿ ಕಾಯಿಲೆ ಮತ್ತು ನಮ್ಮ ರೋಗನಿರೋಧಕ ಕೋಶಗಳು

(ಮಹಿಳಾ ವಿಭಾಗದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮುಂಬಯಿಯಲ್ಲಿ ಬಹಳ ವರ್ಷದಿಂದ ಇರುವವರಿಗೆ ಒಂದು ಮಾತು ಗೊತ್ತು. ಯಾರಾದರೂ “ಅವರನ್ನು ಪರೇಲಿಗೆ ತೋರಿಸೋಕೆ ಕರಕೊಂಡು ಹೋಗಿದ್ದಾರೆ” ಎಂದರೆ ಸಾಕು, ಕೇಳಿದವರ ಸ್ವರ ತಗ್ಗುತ್ತದೆ. 1941ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಅಲ್ಲಿ ಶುರುವಾದಂದಿನಿಂದ ಪರೇಲ್ ಎಂದರೆ ಕ್ಯಾನ್ಸರ್ ಎಂದೇ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಅದೇ ಪರೇಲಿನಲ್ಲಿ ಕೆಇಎಂ ಆಸ್ಪತ್ರೆ ಇದೆ, ವಾಡಿಯಾ ಮಕ್ಕಳ ಆಸ್ಪತ್ರೆ ಇದೆ, ಹೆರಿಗೆ ಆಸ್ಪತ್ರೆ ಇದೆ, ಹಾಫ್‌ಕಿನ್ ಸಂಸ್ಥೆ ಇದೆ. ಕೆಇಎಂ ಆವರಣದಲ್ಲೇ ರಕ್ತಕ್ಕೂ ರೋಗನಿರೋಧಕ ಶಕ್ತಿಗೂ ಇರುವ ಸಂಬಂಧವನ್ನು ಅಧ್ಯಯನ ಮಾಡುವ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆಯೂ ಇದೆ. ಪರೇಲಿಗೆ ಹೋಗುವವರೆಲ್ಲ ಒಂದೇ ಕಾಯಿಲೆಗೆ ಹೋಗುವುದಿಲ್ಲ.

ನಾನು ವೈದ್ಯೆಯಲ್ಲ. ಪರೇಲಿನ ಒಂದು ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ದಿನವೂ ಬೇರೆಯವರ ರಕ್ತವನ್ನು ಸ್ಲೈಡಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸವಾಗಿತ್ತು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ನನ್ನ ಕಥೆಯೂ ಹಾಗೇ.

2011ರ ಮಳೆಗಾಲ. ಆಗ ನನಗೆ 44 ವರ್ಷ. ತೋಳಿನ ಮೇಲೆ, ತೊಡೆಯ ಮೇಲೆ ನೀಲಿ ಕಲೆಗಳು ಕಾಣಿಸಿಕೊಂಡವು. ಡೊಂಬಿವಲಿಯಿಂದ ಪರೇಲಿಗೆ ಲೇಡೀಸ್ ಡಬ್ಬಿಯಲ್ಲಿ ಓಡಾಡುವವಳಿಗೆ ಒಂದಿಷ್ಟು ಏಟು ಬೀಳದೆ ಇರುತ್ತದೆಯೇ? ಗುದ್ದಾಟದಲ್ಲಿ ಆಗಿರಬೇಕು ಅಂದುಕೊಂಡೆ. ಮುಟ್ಟಿನ ಸ್ರಾವ ಹತ್ತು ದಿನ ನಿಲ್ಲಲಿಲ್ಲ. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂತು ಅಂದುಕೊಂಡೆ. ಕಾಲಿನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳೆದ್ದವು. ಸೊಳ್ಳೆ ಇರಬೇಕು ಅಂದುಕೊಂಡೆ. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಿದೆ. ಆ ಬಗೆಯ ನೋವಿನ ಮಾತ್ರೆ ಪ್ಲೇಟ್‌ಲೆಟ್‌ಗಳ ಕೆಲಸವನ್ನು ಇನ್ನಷ್ಟು ಕೆಡಿಸುತ್ತದೆ ಎಂದು ಓದಿದವಳೇ ನಾನು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಅಂದು ನನ್ನ ರಕ್ತವನ್ನೇ ಯಂತ್ರಕ್ಕೆ ಕೊಟ್ಟೆ.

ಪ್ಲೇಟ್‌ಲೆಟ್ 9 ಸಾವಿರ ಎಂದು ಬಂತು. ಸಾಮಾನ್ಯವಾಗಿ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕು. ಯಂತ್ರ ತಪ್ಪಿರಬಹುದು ಎಂದು ಸ್ಲೈಡ್ ಮಾಡಿ ನೋಡಿದೆ. ಯಾಕೆಂದರೆ ಕೆಲವರ ರಕ್ತ ಪರೀಕ್ಷಾ ನಳಿಕೆಯ ರಾಸಾಯನಿಕಕ್ಕೆ ಸಿಕ್ಕು ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ, ಯಂತ್ರಕ್ಕೆ ಎಣಿಸಲು ಬರುವುದಿಲ್ಲ. ನನ್ನ ಸ್ಲೈಡಿನಲ್ಲಿ ಗುಂಪುಗಳಿರಲಿಲ್ಲ. ಹುಡುಕಿ ಹುಡುಕಿ ನೋಡಿದರೆ ಅಲ್ಲೊಂದು ಇಲ್ಲೊಂದು, ಅದೂ ದೊಡ್ಡ ಗಾತ್ರದವು. ಬಿಳಿ ರಕ್ತಕಣ ಸರಿಯಾಗಿತ್ತು, ಕೆಂಪು ಕಣ ಸ್ವಲ್ಪ ಕಡಿಮೆ. ನನಗಿದ್ದದ್ದು ಐಟಿಪಿ ಎಂದು ವೈದ್ಯರು ಹೇಳಿದರು. ಕನ್ನಡದಲ್ಲಿ ಹೇಳುವುದಾದರೆ, ನಮ್ಮ ರೋಗನಿರೋಧಕ ವ್ಯವಸ್ಥೆಯೇ ನಮ್ಮ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಕಾಯಿಲೆ.

ನಾನು ಆಸ್ಪತ್ರೆಯಲ್ಲಿದ್ದ ವಾರದಲ್ಲಿ ಸುದ್ದಿ ಹರಡಿತು. “ರಕ್ತದ ಕಾಯಿಲೆಯಂತೆ, ಪರೇಲಿನಲ್ಲಿ ಇಟ್ಟಿದ್ದಾರಂತೆ.” ಅಷ್ಟರಲ್ಲಿ ಮಗಳಿಗೆ ಒಂದು ಸಂಬಂಧದ ಮಾತು ನಡೆದಿತ್ತು. ಅವರು ಮೂರನೆಯವರ ಮೂಲಕ “ಇದು ಮನೆತನದಲ್ಲಿ ಬರುವಂಥದ್ದೇ?” ಎಂದು ಕೇಳಿಸಿದರು. ನಾನು ಉತ್ತರ ಕೊಡಲಿಲ್ಲ. ನಾಚಿಕೆಯೋ, ಸಿಟ್ಟೋ, ಬಾಯಿ ಬಿಡಲಿಲ್ಲ. ಆ ಮಾತು ಅಲ್ಲಿಗೇ ನಿಂತಿತು. ಮಗಳು ಇವತ್ತು ತನ್ನ ಸಂಸಾರದಲ್ಲಿ ಸುಖವಾಗಿದ್ದಾಳೆ. ಆದರೆ ಅಂದು ನಾನು ಹೇಳದೆ ಬಿಟ್ಟ ಉತ್ತರ ನನ್ನೊಳಗೆ ಉಳಿದಿದೆ. ಅದನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಪ್ಲೇಟ್‌ಲೆಟ್ ಎಂದರೇನು ನೋಡೋಣ. ಮೂಳೆಯೊಳಗಿನ ಮಜ್ಜೆಯಲ್ಲಿ ಮೆಗಾಕ್ಯಾರಿಯೊಸೈಟ್ ಎಂಬ ಬಹಳ ದೊಡ್ಡ ಕೋಶಗಳಿವೆ. ಅವುಗಳ ಅಂಚಿನಿಂದ ಚೂರುಚೂರಾಗಿ ಕಳಚಿ ರಕ್ತಕ್ಕೆ ಬೀಳುವ ತುಣುಕುಗಳೇ ಪ್ಲೇಟ್‌ಲೆಟ್‌ಗಳು. ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹುಟ್ಟುತ್ತವೆ, ಏಳರಿಂದ ಹತ್ತು ದಿನ ಬದುಕುತ್ತವೆ. ರಕ್ತನಾಳದಲ್ಲಿ ಎಲ್ಲಿ ಸಣ್ಣ ಬಿರುಕು ಬಿಟ್ಟರೂ ಓಡಿ ಹೋಗಿ ಅಂಟಿಕೊಂಡು ಮುಚ್ಚುವುದು ಅವುಗಳ ಕೆಲಸ. ಅವು ತೀರಾ ಕಡಿಮೆಯಾದರೆ ಚರ್ಮದ ಕೆಳಗೆ, ವಸಡಿನಲ್ಲಿ, ಮೂಗಿನಲ್ಲಿ, ಗರ್ಭಕೋಶದಲ್ಲಿ ರಕ್ತ ಸೋರುತ್ತದೆ.

ಹಾಗಾದರೆ ಐಟಿಪಿಯಲ್ಲಿ ಪ್ಲೇಟ್‌ಲೆಟ್ ಹುಟ್ಟುವುದಿಲ್ಲವೇ, ಅಥವಾ ಹುಟ್ಟಿದ್ದು ಸಾಯುತ್ತದೆಯೇ? ಬಹಳ ಕಾಲ ಇದು ಗೊತ್ತಿರಲಿಲ್ಲ. 1916ರಲ್ಲಿ ಪ್ರಾಗ್ ನಗರದ ಪೌಲ್ ಕಾಜ್ನೆಲ್ಸನ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಗುಲ್ಮ ಅಂದರೆ ಹೊಟ್ಟೆಯ ಎಡಭಾಗದಲ್ಲಿರುವ ಸ್ಪ್ಲೀನ್ ಅಂಗವೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತಿರಬಹುದು ಎಂದು ಊಹಿಸಿ, ಅದನ್ನು ತೆಗೆದು ನೋಡುವಂತೆ ತನ್ನ ಗುರುಗಳನ್ನು ಒಪ್ಪಿಸಿದ. ರೋಗಿ ಒಬ್ಬ ಮಹಿಳೆ. ಗುಲ್ಮ ತೆಗೆದ ಮೇಲೆ ಆಕೆಯ ಪ್ಲೇಟ್‌ಲೆಟ್ ಥಟ್ಟನೆ ಏರಿತು. ಆದರೂ ಗುಲ್ಮ ಯಾಕೆ ಹೀಗೆ ಮಾಡುತ್ತದೆ ಎಂಬುದು ಉಳಿಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು 1950ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ವಿಲಿಯಂ ಹ್ಯಾರಿಂಗ್ಟನ್ ಎಂಬ ಯುವ ವೈದ್ಯರು ಐಟಿಪಿ ರೋಗಿಯೊಬ್ಬರ ಅರ್ಧ ಲೀಟರ್ ರಕ್ತವನ್ನು ತಮ್ಮ ಮೈಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಆರೋಗ್ಯವಂತ ರಕ್ತದ ಪ್ಲೇಟ್‌ಲೆಟ್‌ಗಳು ಪಾತಾಳಕ್ಕಿಳಿದವು. ಅಪಸ್ಮಾರದಂಥ ಸೆಳೆತ ಬಂತು, ಮೈಮೇಲೆ ಚುಕ್ಕೆಗಳೆದ್ದವು. ಸುಮಾರು ಐದು ದಿನಗಳಲ್ಲಿ ಮತ್ತೆ ಸರಿಹೋದರು. ಇಂದು ಇಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡಲಾರರು. ಆದರೆ ಅಂದು ಒಂದು ವಿಷಯ ಖಚಿತವಾಯಿತು. ರೋಗಿಯ ರಕ್ತದಲ್ಲಿಯೇ ಪ್ಲೇಟ್‌ಲೆಟ್ ಕೊಲ್ಲಿಸುವ ಏನೋ ಇದೆ. ಅದು ಪ್ರತಿಕಾಯ, ಅಂದರೆ ಆಂಟಿಬಾಡಿ, ಎಂದು ನಂತರದ ವರ್ಷಗಳಲ್ಲಿ ತಿಳಿಯಿತು.

ಈಗ ನಮ್ಮ ಇವತ್ತಿನ ವಿಷಯಕ್ಕೆ, ಆ ಕೋಶಗಳ ಪಾತ್ರಕ್ಕೆ ಬರೋಣ. ಪ್ರತಿಕಾಯವನ್ನು ಯಾರು ಮಾಡುತ್ತಾರೆ, ಪ್ಲೇಟ್‌ಲೆಟ್ ತಿನ್ನುವವರು ಯಾರು, ತಡೆಯಬೇಕಾದವರು ಎಲ್ಲಿ ಹೋದರು?

ಮೊದಲನೆಯದು ಬಿ ಕೋಶ. ಅದು ಬೆಳೆದು ಪ್ಲಾಸ್ಮಾ ಕೋಶವಾಗಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಸಾಮಾನ್ಯವಾಗಿ ಇವು ವೈರಸ್, ಬ್ಯಾಕ್ಟೀರಿಯಾಗಳಿಗೆ ಅಂಟುವ ಗುರುತುಚೀಟಿಗಳು. ಐಟಿಪಿಯಲ್ಲಿ ಈ ಚೀಟಿ ಪ್ಲೇಟ್‌ಲೆಟ್‌ನ ಮೈಮೇಲಿರುವ ಒಂದು ಪ್ರೋಟೀನಿಗೆ ಅಂಟುತ್ತದೆ. ಹೆಚ್ಚಾಗಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಕೈಹಿಡಿಯಲು ಬಳಸುವ ಪ್ರೋಟೀನಿಗೇ. ಚೀಟಿ ತಾನಾಗಿ ಕೊಲ್ಲುವುದು ಕಡಿಮೆ. “ಇವನು ಪರಕೀಯ” ಎಂದು ತೋರಿಸಿಕೊಡುತ್ತದೆ.

ಎರಡನೆಯದು ಮ್ಯಾಕ್ರೊಫೇಜ್. ದೊಡ್ಡ ಭಕ್ಷಕ ಎಂದು ಹೆಸರಿನ ಅರ್ಥ. ಗುಲ್ಮದಲ್ಲಿ ಇವು ತುಂಬಿವೆ. ಹಳೆಯ ರಕ್ತಕಣಗಳನ್ನು ತಿಂದು ಸ್ವಚ್ಛ ಮಾಡುವುದು ಇವುಗಳ ನಿತ್ಯದ ಕೆಲಸ. ಚೀಟಿ ಅಂಟಿದ ಪ್ಲೇಟ್‌ಲೆಟ್ ಬಂದರೆ ಚೀಟಿಯ ಬಾಲ ಹಿಡಿದು ನುಂಗುತ್ತವೆ. ಹತ್ತು ದಿನ ಬದುಕಬೇಕಾದ ಪ್ಲೇಟ್‌ಲೆಟ್ ಗಂಟೆಗಳಲ್ಲೇ ಮುಗಿಯುತ್ತದೆ. ಕಾಜ್ನೆಲ್ಸನ್ ಊಹೆ ಸರಿಯಾದದ್ದು ಹೀಗೆ.

ಮೂರನೆಯದು ಸಹಾಯಕ ಟಿ ಕೋಶ. ಮ್ಯಾಕ್ರೊಫೇಜ್ ತಿಂದು ಸುಮ್ಮನಿರುವುದಿಲ್ಲ. ತಿಂದ ಪ್ಲೇಟ್‌ಲೆಟ್‌ನ ಚೂರುಗಳನ್ನು ತನ್ನ ಮೈಮೇಲೆ ಹಿಡಿದು ಟಿ ಕೋಶಕ್ಕೆ ತೋರಿಸುತ್ತದೆ. ಟಿ ಕೋಶ ಅದನ್ನು ನೋಡಿ ಬಿ ಕೋಶಕ್ಕೆ “ಇನ್ನಷ್ಟು ಮಾಡು” ಎಂದು ಉತ್ತೇಜಿಸುತ್ತದೆ. ಇನ್ನಷ್ಟು ಪ್ರತಿಕಾಯ, ಇನ್ನಷ್ಟು ನುಂಗಾಟ, ಇನ್ನಷ್ಟು ಚೂರು. ಒಮ್ಮೆ ಶುರುವಾದ ತಪ್ಪು ಹೀಗೆ ಸುತ್ತು ಹಾಕುತ್ತಾ ಬೆಳೆಯುತ್ತದೆ. ಚಾಳಿನಲ್ಲಿ ಒಬ್ಬರು ಹೇಳಿದ ಚಾಡಿ ನಾಲ್ಕು ಮನೆ ಸುತ್ತಿ ದೊಡ್ಡದಾಗಿ ವಾಪಸ್ ಬರುವುದಿಲ್ಲವೇ, ಹಾಗೆ.

ನಾಲ್ಕನೆಯದು ನಿಯಂತ್ರಕ ಟಿ ಕೋಶ. ಇವು ಮನೆಯ ಹಿರಿಯರ ಹಾಗೆ. “ಇವರು ನಮ್ಮವರು, ಸುಮ್ಮನಿರಿ” ಎಂದು ಉಳಿದ ಕೋಶಗಳನ್ನು ಶಾಂತಗೊಳಿಸುತ್ತವೆ. ಐಟಿಪಿ ಇರುವವರಲ್ಲಿ ಇವುಗಳ ಸಂಖ್ಯೆಯೋ ಶಕ್ತಿಯೋ ಕುಂದಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಚಿಕಿತ್ಸೆಯಿಂದ ಗುಣ ಕಂಡವರಲ್ಲಿ ಇವು ಚೇತರಿಸಿಕೊಳ್ಳುವುದನ್ನೂ ಕಂಡಿದ್ದಾರೆ. ನನ್ನ ಮಟ್ಟಿಗೆ ಇಡೀ ಕಾಯಿಲೆಯಲ್ಲಿ ಇದೇ ಮುಖ್ಯ ಪಾತ್ರ. ತಪ್ಪು ಗುರುತು ಯಾರ ಮೈಯಲ್ಲಾದರೂ ಆಗಬಹುದು. ತಿದ್ದುವವರು ದುರ್ಬಲರಾದಾಗ ಅದು ಕಾಯಿಲೆಯಾಗುತ್ತದೆ.

ಐದನೆಯದು ಕೊಲ್ಲುವ ಟಿ ಕೋಶ. ಎಲ್ಲ ಐಟಿಪಿ ರೋಗಿಗಳ ರಕ್ತದಲ್ಲೂ ಪ್ರತಿಕಾಯ ಸಿಗುವುದಿಲ್ಲ. ಹಾಗಾದರೆ ಅವರ ಪ್ಲೇಟ್‌ಲೆಟ್ ಯಾಕೆ ಇಳಿಯುತ್ತದೆ? ಈ ಕೋಶಗಳು ಪ್ರತಿಕಾಯದ ಚೀಟಿಗೆ ಕಾಯದೆ ನೇರವಾಗಿ ಪ್ಲೇಟ್‌ಲೆಟ್ ಮೇಲೆ ಎರಗಬಲ್ಲವು ಎಂದು 2003ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಪ್ರತಿಕಾಯವಾಗಲಿ ಈ ಕೋಶಗಳಾಗಲಿ ಮಜ್ಜೆಗೂ ಹೋಗಿ ತಾಯಿಕೋಶವಾದ ಮೆಗಾಕ್ಯಾರಿಯೊಸೈಟ್‌ಗೆ ತೊಂದರೆ ಕೊಡಬಹುದು. ಆದ್ದರಿಂದ ಮೊದಲು ನಾವು ಕೇಳಿದ ಪ್ರಶ್ನೆಗೆ ಉತ್ತರ ಎರಡೂ ಹೌದು. ಹುಟ್ಟಿದ್ದು ಬೇಗ ಸಾಯುತ್ತದೆ, ಹುಟ್ಟಬೇಕಾದಷ್ಟು ಹುಟ್ಟುವುದೂ ಇಲ್ಲ.

ಇಷ್ಟು ಗೊತ್ತಾದರೆ ವೈದ್ಯರು ಕೊಡುವ ಔಷಧಿಗಳು ಗೊಂದಲ ಎನಿಸುವುದಿಲ್ಲ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್‌ಗಳು ಈ ಎಲ್ಲ ಕೋಶಗಳ ಗಲಾಟೆಯನ್ನು ಒಟ್ಟಿಗೆ ತಗ್ಗಿಸುತ್ತವೆ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಅನ್ನು ರಕ್ತನಾಳಕ್ಕೆ ಕೊಟ್ಟರೆ ಮ್ಯಾಕ್ರೊಫೇಜ್‌ಗಳು ಅದರಲ್ಲೇ ಮುಳುಗಿ ಪ್ಲೇಟ್‌ಲೆಟ್‌ಗಳನ್ನು ಸ್ವಲ್ಪ ಕಾಲ ಬಿಡುತ್ತವೆ. ಸ್ವಿಟ್ಜರ್ಲೆಂಡಿನ ಪೌಲ್ ಇಂಬಾಕ್ ಮಕ್ಕಳಲ್ಲಿ ಇದರ ಪರಿಣಾಮವನ್ನು 1981ರಲ್ಲಿ ಪ್ರಕಟಿಸಿದರು. ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನು ತೆಗೆಯುತ್ತದೆ, ಆದರೆ ಪ್ರತಿಕಾಯ ಮಾಡುತ್ತಾ ಬಹುಕಾಲ ಬದುಕುವ ಪ್ಲಾಸ್ಮಾ ಕೋಶಗಳನ್ನು ಮುಟ್ಟುವುದಿಲ್ಲ. ಕೆಲವರಿಗೆ ಅದು ಫಲ ಕೊಡದಿರಲು ಇದೂ ಒಂದು ಕಾರಣ. ಎಲ್ಟ್ರೊಂಬೊಪ್ಯಾಗ್, ರೊಮಿಪ್ಲೊಸ್ಟಿಮ್‌ನಂಥವು ಮಜ್ಜೆಗೆ “ಹೆಚ್ಚು ಮಾಡು” ಎಂದು ಹೇಳುತ್ತವೆ. ಗುಲ್ಮ ತೆಗೆಯುವ ಶಸ್ತ್ರಚಿಕಿತ್ಸೆ ಈಗಲೂ ಇದೆ, ಆದರೆ ಸಾಮಾನ್ಯವಾಗಿ ಒಂದು ವರ್ಷವಾದರೂ ಕಾದು ನೋಡಿ ನಿರ್ಧರಿಸುತ್ತಾರೆ.

“ಡೆಂಗ್ಯೂ ಬಂದವರಿಗೆ ಪ್ಲೇಟ್‌ಲೆಟ್ ಏರಿಸುತ್ತಾರಲ್ಲ, ನಿನಗೆ ಯಾಕಿಲ್ಲ?” ಎಂದು ನನ್ನನ್ನು ಬಹಳ ಜನ ಕೇಳಿದರು. ಬೇರೆಯವರ ಪ್ಲೇಟ್‌ಲೆಟ್ ಕೊಟ್ಟರೆ ಅದನ್ನೂ ನನ್ನ ಮ್ಯಾಕ್ರೊಫೇಜ್‌ಗಳು ನುಂಗುತ್ತವೆ. ಜೀವಕ್ಕೆ ಅಪಾಯವಾಗುವ ರಕ್ತಸ್ರಾವವಿದ್ದಾಗ ಮಾತ್ರ ಕೊಡುತ್ತಾರೆ. ಪಪ್ಪಾಯ ಎಲೆ ರಸವನ್ನೂ ಮನೆಬಾಗಿಲಿಗೇ ತಂದುಕೊಟ್ಟವರಿದ್ದಾರೆ. ಅವರ ಪ್ರೀತಿ ದೊಡ್ಡದು. ಆದರೆ ಕೋಶಗಳ ತಪ್ಪು ಗುರುತನ್ನು ಆ ರಸ ತಿದ್ದುವುದಿಲ್ಲ. ಔಷಧಿ ಬಿಟ್ಟು ಅದನ್ನು ಕುಡಿಯಬೇಡಿ.

“ನಮ್ಮದು, ಪರರದು” ಎಂಬ ಗುರುತಿನ ಮಾತು ಬಂತಲ್ಲ, ಅದಕ್ಕೆ ಪರೇಲಿನದೇ ಒಂದು ಉದಾಹರಣೆ ಇದೆ. 1952ರಲ್ಲಿ ಕೆಇಎಂನಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಹೋದ್ಯೋಗಿಗಳು ಒಂದು ವಿಚಿತ್ರ ರಕ್ತವನ್ನು ಕಂಡರು. ಅದಕ್ಕೆ ಓ ಗುಂಪಿನ ರಕ್ತವೂ ಹೊಂದುತ್ತಿರಲಿಲ್ಲ. ನಮ್ಮೆಲ್ಲರ ಕೆಂಪು ಕಣದ ಮೇಲಿರುವ ಎಚ್ ಎಂಬ ಗುರುತು ಆ ರಕ್ತದಲ್ಲಿರಲಿಲ್ಲ. ಆದ್ದರಿಂದ ಬೇರೆ ಯಾರ ರಕ್ತ ಬಂದರೂ ಆ ದೇಹದ ಪ್ರತಿಕಾಯಗಳು ಪರಕೀಯ ಎಂದು ತಿರಸ್ಕರಿಸುತ್ತಿದ್ದವು. ಅದನ್ನೇ ಇಂದು ಜಗತ್ತು ಬಾಂಬೆ ರಕ್ತಗುಂಪು ಎನ್ನುತ್ತದೆ. ಅಲ್ಲಿ ದೇಹ ಗುರುತಿಸಿದ್ದು ಸರಿ. ಐಟಿಪಿಯಲ್ಲಿ ಅದೇ ವ್ಯವಸ್ಥೆ ಗುರುತಿಸುವುದರಲ್ಲಿ ಎಡವುತ್ತದೆ. ನಮ್ಮನ್ನು ಪ್ರತಿದಿನ ಕಾಯುವ ಕೋಶಗಳೇ ಇವು ಎಂದು ಅರಿತ ಮೇಲೆ ನನಗೆ ನನ್ನ ದೇಹದ ಮೇಲಿದ್ದ ಸಿಟ್ಟು ಇಳಿಯಿತು.

ಇನ್ನು ನಮಗೆ ಹೆಣ್ಣುಮಕ್ಕಳಿಗೆ ಬೇಕಾದ ನಾಲ್ಕು ಮಾತು.

ಮಕ್ಕಳಲ್ಲಿ ಐಟಿಪಿ ಹೆಚ್ಚಾಗಿ ಒಂದು ವೈರಸ್ ಜ್ವರದ ಬೆನ್ನಿಗೆ ಬರುತ್ತದೆ, ಬಹುಪಾಲು ಮಕ್ಕಳಲ್ಲಿ ಆರು ತಿಂಗಳೊಳಗೆ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಅದು ಬಹುಕಾಲ ಉಳಿಯುವುದೇ ಹೆಚ್ಚು. ಹರೆಯದ, ಮಧ್ಯವಯಸ್ಸಿನ ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು ಕಾಣುತ್ತದೆ. ಮುಟ್ಟು ವಾರಕ್ಕಿಂತ ಹೆಚ್ಚು ದಿನ ಜೋರಾಗಿ ಹೋದರೆ, ಏಟಿಲ್ಲದೆ ಕಲೆ ಬಿದ್ದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಾಲಿನಲ್ಲಿ ಎದ್ದರೆ ಒಂದು ಸಿಬಿಸಿ ಪರೀಕ್ಷೆ ಮಾಡಿಸಿ. ಅದು ದುಬಾರಿಯಲ್ಲ. ಕಡಿಮೆ ಬಂದರೆ ಸ್ಲೈಡ್ ನೋಡಿದ್ದಾರೆಯೇ ಎಂದು ಧೈರ್ಯವಾಗಿ ಕೇಳಿ. ಐಟಿಪಿ ಎಂದು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿ ಅಲ್ಲಿಗೆ ಬರುತ್ತಾರೆ, ಹಾಗಾಗಿ ತಾಳ್ಮೆ ಬೇಕು.

ತಲೆ ಸಿಡಿಯುವಂಥ ನೋವು, ಕಪ್ಪು ಮಲ, ಮೂತ್ರದಲ್ಲಿ ರಕ್ತ, ನಿಲ್ಲದ ಮೂಗಿನ ರಕ್ತ, ಗಂಟೆಗೊಂದು ಪ್ಯಾಡ್ ತೊಯ್ಯುವ ಮುಟ್ಟು, ಇವು ಇದ್ದರೆ ನಾಳೆ ಎನ್ನಬೇಡಿ. ಅಡುಗೆ ಮುಗಿಸಿ ಹೋಗುತ್ತೇನೆ ಎನ್ನಲೂಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ತರಹದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ.

ಗರ್ಭಿಣಿಯರಿಗೆ ಪ್ಲೇಟ್‌ಲೆಟ್ ಸ್ವಲ್ಪ ಇಳಿಯುವುದು ಸಾಮಾನ್ಯ, ಅದೆಲ್ಲ ಐಟಿಪಿ ಅಲ್ಲ. ಆದರೆ ಐಟಿಪಿ ಇದ್ದವರು ಹೆರಿಗೆ ವೈದ್ಯರಿಗೆ ಮೊದಲೇ ಹೇಳಬೇಕು. ತಾಯಿಯ ಪ್ರತಿಕಾಯಗಳು ಮಾಸುಚೀಲ ದಾಟಿ ಮಗುವಿಗೆ ಹೋಗಬಲ್ಲವು. ಕೆಲವು ಶಿಶುಗಳಲ್ಲಿ ಕೆಲವು ವಾರ ಪ್ಲೇಟ್‌ಲೆಟ್ ಕಡಿಮೆ ಇರಬಹುದು. ಮೊದಲೇ ಗೊತ್ತಿದ್ದರೆ ನೋಡಿಕೊಳ್ಳುತ್ತಾರೆ. ಐಟಿಪಿ ಇದ್ದೂ ಆರೋಗ್ಯವಂತ ಮಕ್ಕಳನ್ನು ಹೆತ್ತವರು ಬೇಕಾದಷ್ಟಿದ್ದಾರೆ.

ಕೊನೆಯದಾಗಿ ಸಂಖ್ಯೆಯ ಮಾತು. ನಾನು ಸ್ಟೀರಾಯ್ಡ್ ತೆಗೆದುಕೊಂಡಾಗ ಮುಖ ಊದಿ ದುಂಡಗಾಯಿತು, ರಾತ್ರಿ ನಿದ್ದೆ ಇಲ್ಲ, ಸಕ್ಕರೆ ಏರಿತು. ಸಂಕ್ರಾಂತಿಯ ಅರಸಿನ ಕುಂಕುಮಕ್ಕೆ ಹೋದರೆ “ಚೆನ್ನಾಗಿ ಮೈ ಬಂದಿದೆ, ಈಗ ಆರೋಗ್ಯ” ಎಂದರು. ನಕ್ಕು ಸುಮ್ಮನಾದೆ. ಆದರೂ ಒಂದೂವರೆ ಲಕ್ಷ ಆಗುವತನಕ ಮಾತ್ರೆ ಬಿಡುವುದಿಲ್ಲ ಎಂದು ಹಠ ಹಿಡಿದಿದ್ದೆ. ಪ್ರಯೋಗಾಲಯದವಳಲ್ಲವೇ, ಸಂಖ್ಯೆ ಸರಿಯಾಗಬೇಕು. ನನ್ನ ವೈದ್ಯರು ಒಂದು ದಿನ ಕೂರಿಸಿ ಹೇಳಿದರು, ನಮ್ಮ ಗುರಿ ರಕ್ತ ಸೋರದಂತೆ ನೋಡಿಕೊಳ್ಳುವುದು, ವರದಿಯ ಕಾಗದವನ್ನು ಚಂದ ಮಾಡುವುದಲ್ಲ ಎಂದು. ದೊಡ್ಡವರಲ್ಲಿ ಎಣಿಕೆ 30 ಸಾವಿರದ ಮೇಲಿದ್ದು ರಕ್ತಸ್ರಾವ ಇಲ್ಲದಿದ್ದರೆ ಬಹಳ ಸಲ ಔಷಧಿ ಇಲ್ಲದೆ ಗಮನಿಸುತ್ತಾ ಇರುತ್ತಾರೆ. ಯಾರಿಗೆ ಹೇಗೆ ಎಂಬುದನ್ನು ಅವರವರ ವೈದ್ಯರೇ ನಿರ್ಧರಿಸಬೇಕು.

ಹೋದ ತಿಂಗಳ ನನ್ನ ಎಣಿಕೆ 64 ಸಾವಿರ. ಹಲವು ವರ್ಷಗಳಿಂದ ಹೀಗೇ ಇದೆ, ಔಷಧಿ ಇಲ್ಲ. ಲೋಕಲ್ ಹತ್ತುತ್ತೇನೆ, ಮೊಮ್ಮಗಳನ್ನು ಎತ್ತಿಕೊಳ್ಳುತ್ತೇನೆ, ಹಲ್ಲು ಕೀಳಿಸುವ ಮುಂಚೆ ಮಾತ್ರ ವೈದ್ಯರಿಗೆ ಫೋನ್ ಮಾಡುತ್ತೇನೆ.

ಈಗ ಆ ಹಳೆಯ ಪ್ರಶ್ನೆಗೆ ಉತ್ತರ. ಇದು ಕ್ಯಾನ್ಸರ್ ಅಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ ಅಂಟುವುದಿಲ್ಲ. ಸಾಮಾನ್ಯವಾಗಿ ಮನೆತನದಲ್ಲಿ ತಾಯಿಯಿಂದ ಮಗಳಿಗೆ ಇಳಿದು ಬರುವ ಕಾಯಿಲೆಯೂ ಅಲ್ಲ. ನಮ್ಮನ್ನು ಕಾಯುವ ಕೋಶಗಳು ನಮ್ಮವರನ್ನೇ ಪರರೆಂದು ತಿಳಿದ ತಪ್ಪು ಅದು. ಅಂದು ನಾನು ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ನಾಳೆ ನಿಮ್ಮ ಕಟ್ಟಡದಲ್ಲಿ, ನಿಮ್ಮ ಬಳಗದಲ್ಲಿ ಯಾರಾದರೂ ಸ್ವರ ತಗ್ಗಿಸಿ “ಅವಳಿಗೆ ರಕ್ತದ ಕಾಯಿಲೆಯಂತೆ, ಪರೇಲಿಗೆ ಹೋಗಿದ್ದಾಳಂತೆ” ಎಂದರೆ, ದಯವಿಟ್ಟು ನೀವು ಸ್ವರ ತಗ್ಗಿಸಬೇಡಿ. ಯಾವ ಕಾಯಿಲೆ ಎಂದು ಕೇಳಿ. ಐಟಿಪಿ ಎಂದರೆ ಇವತ್ತು ಕೇಳಿದ್ದನ್ನು ಅವರಿಗೂ ಹೇಳಿ. ಸಾಧ್ಯವಾದರೆ ಅವಳ ಜೊತೆ ಒಂದು ಸಲ ಪರೇಲಿಗೆ ಹೋಗಿ ಬನ್ನಿ. ಆಸ್ಪತ್ರೆಯ ಸಾಲಿನಲ್ಲಿ ಪಕ್ಕಕ್ಕೆ ಒಬ್ಬರು ಕೂತಿದ್ದರೆ ಎಷ್ಟು ಧೈರ್ಯ ಬರುತ್ತದೆ ಎಂದು ನನಗೆ ಗೊತ್ತು.